ಪಟ್ಟಿಯಕ್ಕನ ಮೇಜು, ಗೊಂಚಲಣ್ಣನ ಮೇಜು

ಶುಕ್ರವಾರ ಸಂಜೆಯೊಳಗೆ ಕೋಣೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕಿತ್ತು. ಶನಿವಾರ ಕಟ್ಟಡ ಕೆಡವುವವರು ಬರುತ್ತಾರೆ. ಪಟ್ಟಿಯಕ್ಕ ಬುಧವಾರ ಬೆಳಿಗ್ಗೆಯೇ ಎರಡು ಗೋಣಿಚೀಲ, ಒಂದು ಪೊರಕೆ ಹಿಡಿದುಕೊಂಡು ಬಂದು ಬಾಗಿಲು ತೆಗೆದಳು. ತೆಗೆದವಳು ಒಳಗೆ ಹೋಗಲಿಲ್ಲ, ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು. ಮೂವತ್ತು ವರ್ಷ ಕಂಡವರ ಮನೆಗಳನ್ನು ಖಾಲಿ ಮಾಡಿಸಿ, ತುಂಬಿಸಿ, ಮತ್ತೆ ಖಾಲಿ ಮಾಡಿಸಿದ ಹೆಂಗಸು! ತನ್ನದೇ ಕೋಣೆಯ ಮುಂದೆ ಹೀಗೆ ಕೈಕಾಲು ಆಡದೆ ನಿಂತದ್ದನ್ನು ನೋಡಿದ್ದರೆ ಅವಳ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ಅಣ್ಣ ಅವಳ ಜೊತೆ ನಕ್ಕು ಒಂಬತ್ತು ವರ್ಷವಾಗಿತ್ತು.

ಕೋಣೆಯೇನು ಅರಮನೆಯಲ್ಲ ಬಿಡಿ. ಮೆಟ್ಟಿಲ ಬುಡದಲ್ಲಿ, ಹಿಂದೆ ಯಾರೋ ದರ್ಜಿ ಇಟ್ಟುಕೊಂಡಿದ್ದ ಜಾಗ. ನೆಲದ ಬಿರುಕುಗಳಲ್ಲಿ ಈಗಲೂ ಬಣ್ಣದ ದಾರದ ತುಂಡು, ಆಗೊಮ್ಮೆ ಈಗೊಮ್ಮೆ ಒಂದು ಗುಂಡುಸೂಜಿ ಸಿಗುತ್ತಿತ್ತು. ಎರಡು ಮೇಜು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಇಬ್ಬರಿಗೂ ಸೇರಿದ ಒಂದೇ ಟೆಲಿಫೋನು. ಹೊರಗೆ ‘ಮನೆ, ನಿವೇಶನ, ಬಾಡಿಗೆ: ವಿಚಾರಿಸಿ’ ಎಂಬ ತಗಡಿನ ಫಲಕ. ಇದಿಷ್ಟೇ ಆಸ್ತಿ. ಆದರೆ ಗಂಡ ತೀರಿಕೊಂಡ ವರ್ಷ ಅವಳನ್ನು ಮನೆಯೊಳಗೆ ಮುದುಡಿ ಕೂರಲು ಬಿಡದೆ ಅಣ್ಣ ಕೈಹಿಡಿದು ಕರೆತಂದದ್ದು ಇಲ್ಲಿಗೇ. ಬಡಗಿಯನ್ನು ಕರೆಸಿ, ತನ್ನ ಮೇಜಿನಂಥದ್ದೇ ಇನ್ನೊಂದು ಮಾಡಿಸಿದ. “ನನ್ನದಕ್ಕಿಂತ ಒಂದು ಅಂಗುಲ ಕಡಿಮೆ ಮಾಡಿದ್ರೂ ನಿನ್ನ ಕೈಲೇ ವಾಪಸ್ ಹೊರಿಸಿ ಕಳಿಸ್ತೀನಿ ನೋಡು” ಅಂತ ಬಡಗಿಗೆ ಎಚ್ಚರಿಕೆ ಬೇರೆ.

ಅಣ್ಣನನ್ನು ಪೇಟೆಯವರೆಲ್ಲ ಕರೆಯುತ್ತಿದ್ದದ್ದು ಗೊಂಚಲಣ್ಣ ಅಂತ. ಸೊಂಟದಲ್ಲಿ ಯಾವಾಗಲೂ ಇಪ್ಪತ್ತು ಮೂವತ್ತು ಮನೆಗಳ ಬೀಗದ ಕೈಗೊಂಚಲು. ಅವನು ಬರುವುದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿತ್ತು. ಅವಳಿಗೆ ಪಟ್ಟಿಯಕ್ಕ ಅನ್ನುವ ಹೆಸರು ಬಂದದ್ದು ಆಮೇಲೆ, ಬ್ರೋಕರುಗಳ ಸಂಘ ಸೇರಿದ ಮೇಲೆ. ಅಣ್ಣನ ಬಾಯಲ್ಲಿ ಮಾತ್ರ ಅವಳು ಹುಟ್ಟಿದಾಗಿನಿಂದ ಪುಟ್ಟಿ. ಫೋನ್ ಎತ್ತಿಕೊಂಡು, ಎರಡು ಮೊಳ ದೂರದಲ್ಲಿ ಕೂತ ತಂಗಿಗೆ ಆಚೆ ಬೀದಿಗೆ ಕೇಳುವ ಹಾಗೆ “ಪುಟ್ಟೀ, ನಿಂಗೇ!” ಅಂತ ಕೂಗುತ್ತಿದ್ದ. ಗಿರಾಕಿಗಳ ಮುಂದೆ ಐವತ್ತರ ಹೆಂಗಸಿಗೆ ನಾಚಿಕೆಯಾಗುವುದಿಲ್ಲವೇ? “ಅಣ್ಣಾ, ಸ್ವಲ್ಪ ಮರ್ಯಾದೆ ಕೊಡು” ಅಂದರೆ, “ಆಯ್ತು, ಪುಟ್ಟಿಯವರೇ” ಅನ್ನುತ್ತಿದ್ದ. ಅಂಥ ಮನುಷ್ಯನ ಹತ್ತಿರ ಜಗಳ ಆಡುವುದಾದರೂ ಹೇಗೆ?

ಬಂದವರೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು. ಒಂದೇ ಕೋಣೆ, ಅಣ್ಣತಂಗಿ, ಇಬ್ಬರೂ ಮನೆ ಬ್ರೋಕರು. ಅವಳ ತಲೆಯ ಮೇಲೆ ಕಟ್ಟುಹಾಕಿಸಿದ, ಸಂಘದ ಒಂದು ಹಸಿರು ಹಾಳೆ ಇದೆ, ಅವನ ತಲೆಯ ಮೇಲೆ ಬರೀ ಕ್ಯಾಲೆಂಡರು. ಏನು ವ್ಯತ್ಯಾಸ? ಲೈಸೆನ್ಸು ಇಬ್ಬರದೂ ಒಂದೇ, ಸರ್ಕಾರದ ಅದೇ ಪರೀಕ್ಷೆ, ಅದೇ ಮೊಹರು. ಮನೆ ಕೊಡಿಸಲು, ಮಾರಿಸಲು ಅಷ್ಟು ಸಾಕು. ಬ್ರೋಕರುಗಳ ಸಂಘಕ್ಕೆ ಸೇರಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸೇರಿದಿರೋ, ಕಾನೂನು ಕೇಳದ ಕೆಲವನ್ನು ನೀವಾಗಿಯೇ ತಲೆಯ ಮೇಲೆ ಹೊತ್ತುಕೊಂಡಿರಿ ಅಂತ ಅರ್ಥ. ಗೊಂಚಲಣ್ಣ ಇದನ್ನೇ ಚಿಕ್ಕದು ಮಾಡಿ ಹೇಳುತ್ತಿದ್ದ: “ನಾನು ಮನೆ ತೋರಿಸ್ತೀನಿ. ಅವಳು ಮನೆ ಬಗ್ಗೆ ಚಾಡಿ ಹೇಳ್ತಾಳೆ.”

ಸಂಘ ಇದ್ದದ್ದು ಸೈಕಲ್ ಅಂಗಡಿಯ ಮಹಡಿಯಲ್ಲಿ. ಜೇಬಿನಲ್ಲಿ ಹಿಡಿಸುವಷ್ಟು ಒಂದು ಹಸಿರು ಪುಸ್ತಕ, ಅದರ ತುಂಬ ನಿಯಮ. ನಾಲ್ಕನೆಯ ನಿಯಮಕ್ಕೇ ಹೊಸಬರು ಹೆದರಿ ಓಡುತ್ತಿದ್ದದ್ದು. ಮನೆಯ ಬೆಲೆ ಬಾಯಿಂದ ಬರುವ ಮೊದಲು ಅದರ ಲೋಪಗಳನ್ನು ಸ್ವಂತ ಕೈಬರಹದಲ್ಲಿ ಪಟ್ಟಿ ಮಾಡಬೇಕು. ಪ್ರತಿಯೊಂದರ ಎದುರು ದುರಸ್ತಿ ಆಗುತ್ತದೋ ಇಲ್ಲವೋ ಬರೆಯಬೇಕು. ಆಮೇಲೆ ಗಿರಾಕಿಯನ್ನು ಕರೆದುಕೊಂಡು ಹೋಗಿ, ಲೋಪ ಎಲ್ಲಿದೆಯೋ ಅಲ್ಲೇ ನಿಂತು ಗಟ್ಟಿಯಾಗಿ ಓದಬೇಕು. ಪೇಟೆಯವರು ಇದಕ್ಕೆ ಇಟ್ಟ ಹೆಸರು ಹುಳುಕಿನ ಪಟ್ಟಿ. ಒಂಬತ್ತನೆಯ ನಿಯಮ: ಇನ್ನೊಬ್ಬ ಸದಸ್ಯನ ವ್ಯವಹಾರದಲ್ಲಿ ಮೂಗು ತೂರಿಸಬಾರದು, ಯಾರಾದರೂ ವಿಚಾರಿಸಿದರೆ ‘ಅವರನ್ನೇ ಕೇಳಿ’ ಅಂದು ಸುಮ್ಮನಾಗಬೇಕು. ಇನ್ನು ಸೇರುವ ದಿನದ ಕಥೆಯೇ ಬೇರೆ. ಇಬ್ಬರು ಸದಸ್ಯರು ಅರ್ಜಿಗೆ ಸಹಿ ಹಾಕಬೇಕು. ಸೇರುವವರು ತಾವು ವಾಸವಿರುವ ಮನೆಯದೇ ಹುಳುಕು ಬರೆದು, ಆ ಇಬ್ಬರಲ್ಲಿ ಒಬ್ಬರ ಎದುರಾದರೂ ಓದಬೇಕು. ಪಟ್ಟಿಯಕ್ಕ ಅವತ್ತು ತನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ನಿಂತು, “ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುವುದಿಲ್ಲ. ಸ್ನಾನ ಮುಗಿಯುವ ತನಕ ಹಾಡು ಹೇಳುತ್ತಿರಬೇಕು” ಅಂತ ಓದಿದಾಗ ಮೂಗಿನಲ್ಲಿ ಮಾತಾಡುವ ಸಂಘದ ಕಾರ್ಯದರ್ಶಿ ನಗು ತಡೆಯಲಾರದೆ ಹೊರಗೆ ಹೋಗಿ ನಿಂತಿದ್ದರು.

ಗೊಂಚಲಣ್ಣ ಸುಳ್ಳುಗಾರ ಅಂತ ಮಾತ್ರ ತಿಳಿಯಬೇಡಿ, ನನಗೆ ಕೋಪ ಬರುತ್ತದೆ. ಸುಳ್ಳು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. “ಕೇಳಿದ್ರೆ ಹೇಳ್ತೀನಪ್ಪ. ಕೇಳದೇ ಇದ್ರೆ ನಾನ್ಯಾಕೆ ಹೇಳ್ಲಿ?” ಇದು ಅವನ ಲೆಕ್ಕ. ಪಡುವಣ ಕಿಟಕಿಯ ಮನೆಯಾದರೆ ಬಿಸಿಲು ಒಳಗೆ ಬಂದು ನೆಲದ ಮೇಲೆ ಮಲಗುವ ನಾಲ್ಕು ಗಂಟೆಗೇ ತೋರಿಸುತ್ತಿದ್ದ. ಗೋಡೆಯಲ್ಲಿ ತೇವ ಎಲ್ಲಿದೆಯೋ ಸರಿಯಾಗಿ ಅಲ್ಲೇ ತನ್ನ ಅಗಲವಾದ ಬೆನ್ನು ಒರಗಿಸುತ್ತಿದ್ದ. ಒಡೆದ ಟೈಲ್ಸಿನ ಮೇಲೆ ಅವನ ಪಾದ. ತಿಂಗಳಿಗೆ ಅವನು ನಾಲ್ಕು ಮನೆ ಮುಗಿಸಿದರೆ ಅವಳು ಒಂದು ಮುಗಿಸುವಷ್ಟರಲ್ಲಿ ಏದುಸಿರು. ಸಂಜೆ ಬಾಗಿಲು ಹಾಕುವಾಗ, “ಇವತ್ತು ಎಷ್ಟು ಜನರನ್ನ ಓಡಿಸಿದೆ ಪುಟ್ಟಿ?” ಅಂತ ಕೇಳುವನು. “ನೀನು ಎಷ್ಟು ಗೋಡೆ ಒರಗಿದೆ ಅಣ್ಣ? ಅಂಗಿ ಹಿಂದೆ ಸುಣ್ಣ ಹತ್ತಿದೆ, ಅತ್ತಿಗೆ ಬೈತಾರೆ ನೋಡು” ಅಂತ ಅವಳು ಅವನ ಬೆನ್ನು ಕೊಡವುವಳು. ಆಹಾ, ಎಂಥ ದಿನಗಳು! ಪಟ್ಟಿಯಕ್ಕನಿಗೆ ಈಗಲೂ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಅಂಗೈ ತಾನಾಗಿ ಏಳುತ್ತದೆ.

ಒಂಬತ್ತು ವರ್ಷದ ಹಿಂದೆ ಈ ಕಟ್ಟಡ ಮಾರಾಟಕ್ಕೆ ಬಂತು. ಕೆಳಗೆ ಈ ಕೋಣೆ, ಮೇಲೆ ಎರಡು ಕೋಣೆ, ಅಷ್ಟೇ. ಯಜಮಾನರು ಹಳೆಯ ಬಾಡಿಗೆದಾರನೆಂಬ ಪ್ರೀತಿಗೆ ಗೊಂಚಲಣ್ಣನಿಗೆ ಎರಡು ತಿಂಗಳು ಗಡುವು ಕೊಟ್ಟರು. ಅವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಮನೆ ಕೊಡಿಸಿದವನಿಗೆ ಸ್ವಂತ ಅಂಗಡಿ! ಮೇಲಿನ ಕೋಣೆಗೆ ಹತ್ತಿ, ಮಂಚ ಎಲ್ಲಿ, ಕಪಾಟು ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದ. “ಹದಿನೆಂಟು ಮೆಟ್ಟಿಲು ಇಳಿದ್ರೆ ಕೆಲಸ, ಹದಿನೆಂಟು ಹತ್ತಿದ್ರೆ ಊಟ. ಇನ್ನು ಯಾರೂ ನಮ್ಮನ್ನ ಇಲ್ಲಿಂದ ಎಬ್ಬಿಸೋ ಹಾಗಿಲ್ಲ ಪುಟ್ಟಿ.” ಅದಕ್ಕೆ ಅವನು ತಾನಿದ್ದ ಮನೆ ಮಾರಬೇಕಿತ್ತು. ಅಪ್ಪ ಕಟ್ಟಿಸಿದ್ದ, ಮೂರು ಕೋಣೆಯ ಮನೆ.

ಆ ಮನೆಯ ಅಡುಗೆಮನೆಯ ಕೆಳಗೆ ಒಂದು ಬಾವಿ ಇತ್ತು. ಅಪ್ಪ ಅದಕ್ಕೆ ಕಲ್ಲುಮಣ್ಣು ತುಂಬಿಸಿ ಮೇಲೆ ನೆಲ ಹಾಸಿದ್ದರು. ಪುಟ್ಟಿಗೆ ಹತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ನೆಲ ಗೇಣುದ್ದ ಕುಸಿದು ನೀರಿನ ಹಂಡೆ ಉರುಳಿತ್ತು. ಅಪ್ಪ ಮತ್ತೆ ತುಂಬಿಸಿದರು. ಅಣ್ಣ ದೊಡ್ಡವನಾದ ಮೇಲೆ ಮೇಲೊಂದು ಹೊಸ ಟೈಲ್ಸು ಹಾಕಿಸಿದ. ಬಾವಿಯ ಜಾಗ ಯಾವುದೆಂದು ಗುರುತೂ ಉಳಿಯಲಿಲ್ಲ.

ಮನೆ ನೋಡಲು ಬಂದವರು ಒಬ್ಬ ಬಸ್ ಡ್ರೈವರ್, ಅವನ ಹೆಂಡತಿ, ಕಂಕುಳಲ್ಲಿ ಆಗಷ್ಟೇ ಅಂಬೆಗಾಲಿಡುತ್ತಿದ್ದ ಮಗು. ಗೊಂಚಲಣ್ಣ ಅಡುಗೆಮನೆಯಲ್ಲಿ ಬಾವಿ ಇದ್ದ ಜಾಗದ ಮೇಲೆ ಕಾಲೂರಿ ನಿಂತುಕೊಂಡೇ ಮಗುವಿಗೆ ಗೊಂಚಲು ಆಡಿಸಿದ. ಅವರು ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆ ಹಿಡಿಸಿತು. ಕರಾರಿನ ದಿನ ನಿಗದಿಯಾಯಿತು.

ಅದಕ್ಕೆ ಎರಡು ದಿನ ಇರುವಾಗ ಅಣ್ಣ ಎಲ್ಲೋ ಮನೆ ತೋರಿಸಲು ಹೋಗಿದ್ದ. ಡ್ರೈವರ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಕೋಣೆಗೆ ಬಂದ. ಅವಳ ತಲೆಯ ಮೇಲಿನ ಹಸಿರು ಹಾಳೆ ನೋಡಿದ. “ಅಕ್ಕಾ, ನೀವು ಸಂಘದವರಂತೆ. ನಮಗೆ ಇದೆಲ್ಲ ಗೊತ್ತಾಗಲ್ಲ. ಆ ಮನೇಲಿ ಏನಾದ್ರೂ ಇದ್ರೆ ಹೇಳಿಬಿಡಿ.” ಪಟ್ಟಿಯಕ್ಕ ಮೇಜಿನ ಕೆಳಗೆ ಹಸಿರು ಪುಸ್ತಕ ಬಿಚ್ಚಿದಳು. ಒಂಬತ್ತನೆಯ ನಿಯಮ: ಇನ್ನೊಬ್ಬ ಸದಸ್ಯನ ವ್ಯವಹಾರ. ಅಣ್ಣ ಸದಸ್ಯನಾಗಿದ್ದಿದ್ದರೆ ‘ಅವರನ್ನೇ ಕೇಳಿ’ ಅಂದು ಕೈತೊಳೆದುಕೊಳ್ಳಬಹುದಿತ್ತು, ಅವನೂ ಬಾವಿಯ ವಿಷಯ ಎಂದೋ ಓದಿ ಮುಗಿಸಿರುತ್ತಿದ್ದ. ಸದಸ್ಯನಲ್ಲದವನಿಗೆ ಆ ನಿಯಮ ಕೊಡೆ ಹಿಡಿಯುವುದಿಲ್ಲ. ಎದುರಿಗೆ ನಿಂತವನ ಅಂಗಿಯ ಜೇಬಿನಲ್ಲಿ ಮಗುವಿನ ಗಿಲಕಿ ಇಣುಕುತ್ತಿತ್ತು. ಅವಳು ಹೇಳಿಬಿಟ್ಟಳು. “ಅಡುಗೆಮನೆ ಕೆಳಗೆ ಮುಚ್ಚಿದ ಬಾವಿ ಇದೆ. ಒಂದು ಸಲ ಕುಸಿದಿತ್ತು.”

ಅಣ್ಣ ಬರಲು ಇನ್ನೊಂದು ಗಂಟೆ ಇತ್ತು, ಅಷ್ಟೇ. “ಕೂತ್ಕೊಳ್ಳಿ, ಅವನೇ ಬಂದು ಹೇಳ್ತಾನೆ” ಅನ್ನಬಹುದಿತ್ತು. ಅಣ್ಣನನ್ನು ಆಚೆ ಕರೆದು, ನೀನಾಗೇ ಹೇಳು ಅಂತ ಜಗಳ ಆಡಬಹುದಿತ್ತು. ಇದು ಅವಳಿಗೆ ಹೊಳೆದದ್ದು ಡ್ರೈವರ್ ಬೀದಿ ತಿರುವು ದಾಟಿದ ಮೇಲೆ. ಸುಟ್ಟ ಬಾಯಿ, ಅವತ್ತು ಒಂದು ಗಂಟೆ ತಡೆಯಲಿಲ್ಲ.

ಅಣ್ಣ ಬಂದ, ಕೇಳಿದ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು! “ಸರಿ” ಅಂದ. ಗೊಂಚಲನ್ನು ಮೇಜಿನ ಮೇಲಿಟ್ಟ. ಆಮೇಲೆ ಮೇಜಿಗೆ ಎರಡೂ ಕೈ ಕೊಟ್ಟು ಕಿರ್ರ್ ಅಂತ ತಿರುಗಿಸಿ, ಬೀದಿಗೆ ಮುಖ, ತಂಗಿಗೆ ಬೆನ್ನು ಮಾಡಿಕೊಂಡು ಕೂತ. ಡ್ರೈವರ್ ಮನೆ ಬೇಡವೆಂದ. ಬೇರೆ ಗಿರಾಕಿ ಸಿಗುವ ಮೊದಲೇ ಗಡುವು ಮುಗಿಯಿತು. ಕಟ್ಟಡ ಇನ್ಯಾರದೋ ಪಾಲಾಯಿತು. ಇವರು ಬಾಡಿಗೆಯವರಾಗಿಯೇ ಉಳಿದರು. ಅವತ್ತಿನಿಂದ ಆ ಕೋಣೆಯಲ್ಲಿ ಪುಟ್ಟಿ ಅನ್ನುವ ಮಾತು ಹುಟ್ಟಲಿಲ್ಲ.

ಒಂಬತ್ತು ವರ್ಷ ಒಂದೇ ಕೋಣೆಯಲ್ಲಿ ಮಾತು ಬಿಟ್ಟು ಬದುಕುವುದು ಹೇಗೆ ಅಂತೀರಾ? ಹಠ ಇದ್ದರೆ ಎಲ್ಲ ಆಗುತ್ತದೆ. ಫೋನ್ ಅವಳಿಗೆ ಬಂದರೆ ರಿಸೀವರನ್ನು ಸ್ಟೂಲಿನ ಮೇಲೆ ಮಲಗಿಸಿ ಕೆಮ್ಮುತ್ತಿದ್ದ. ಸೆಖೆಯಾದರೆ ಗಿರಾಕಿಗೆ, “ಫ್ಯಾನ್ ಹಾಕಲಾ ಅಂತ ಆ ಮೇಜಿನವರನ್ನ ಕೇಳಿ” ಅನ್ನುತ್ತಿದ್ದ. ಮನೆ ಕೊಳ್ಳಲು ಬಂದ ಪಾಪದವರು ಅಣ್ಣತಂಗಿಯ ನಡುವೆ ಫ್ಯಾನಿನ ಸುದ್ದಿ ಹೊತ್ತು ತಿರುಗಬೇಕು! ಅದರ ಮೇಲೆ ಆ ಡ್ರೈವರ್ ಬೇರೆ. ಬೇರೆ ಕಡೆ ಮನೆ ಕೊಂಡ ಖುಷಿಗೆ, ದಿನಾ ಹತ್ತು ಗಂಟೆಗೆ ಬಸ್ ಈ ಬೀದಿಯಲ್ಲಿ ಹೋಗುವಾಗ ಅಕ್ಕನಿಗೆ ಅಂತ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಪ್ರತಿಸಲವೂ ಅಣ್ಣನ ಬೆನ್ನು ಸೆಟೆದುಕೊಳ್ಳುವುದನ್ನು ಅವಳು ನೋಡುತ್ತಿದ್ದಳು. ಆದರೂ ಹನ್ನೊಂದಕ್ಕೆ ಟೀ ಎರಡು ಬರುತ್ತಿತ್ತು, ಅವಳದು ಸಕ್ಕರೆ ಇಲ್ಲದ್ದು. ಅದನ್ನು ಹೇಳಿ ತರಿಸುತ್ತಿದ್ದವನು ಅವನೇ. ಆ ಟೀ ಕುಡಿಯುವಾಗಲೆಲ್ಲ ಇವತ್ತು ತಿರುಗಿ ನೋಡುತ್ತಾನೆ, ಇವತ್ತು ಪುಟ್ಟಿ ಅನ್ನುತ್ತಾನೆ ಅಂತ ಕಾದದ್ದು ಎಷ್ಟು ದಿನವೋ! ಅದೊಂದು ಮಾತು ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಮಂಡಿನೋವಿನಿಂದ ಎಂಟು ತಿಂಗಳಿಂದ ಅವನು ಕೋಣೆಗೆ ಬರುವುದೂ ನಿಂತಿತ್ತು. ಈಗ ಕೋಣೆಯೂ ಹೋದರೆ ಆ ಬೆನ್ನು ನೋಡುವ ನೆಪವೂ ಹೋದಂತೆಯೇ.

ಅವಳು ಇನ್ನೂ ಹೊಸ್ತಿಲ ಮೇಲೆ ನಿಂತಿರುವಾಗಲೇ ಅತ್ತಿಗೆ ಬಂದರು. ಇಬ್ಬರ ನಡುವೆ ಇಷ್ಟು ವರ್ಷ ಓಡಾಡಿ ಸುಸ್ತಾದವರು ಅವರೊಬ್ಬರೇ. ಅವಳ ಅಂಗೈಗೆ ಒಂದು ಚಿಕ್ಕ ಕೀ ಹಾಕಿದರು.

“ನಿಮ್ಮಣ್ಣನ ಮೇಜಲ್ಲಿ ಏನಿದೆಯೋ ಚೀಲಕ್ಕೆ ತುಂಬಿ ಕಳಿಸಬೇಕಂತೆ. ಮೂರನೇ ಡ್ರಾಯರ್ ಮಾತ್ರ ಮುಟ್ಟಕೂಡದಂತೆ.”

“ಇದು ಯಾವುದರ ಕೀ ಅತ್ತಿಗೆ?”

“ಮೂರನೇ ಡ್ರಾಯರ್‌ದು” ಅಂದರು ಅತ್ತಿಗೆ. “ನನ್ನ ಮುಖ ಯಾಕೆ ನೋಡ್ತೀಯ? ಕೊಟ್ಟಿದ್ದು ಅದೊಂದೇ. ಅವರ ಬುದ್ಧಿ ನಿನಗೆ ಗೊತ್ತಿಲ್ವಾ?” ಬಂದ ಕೆಲಸ ಮುಗಿಯಿತು ಅನ್ನುವ ಹಾಗೆ ಹೊರಟೇಹೋದರು.

ಡ್ರಾಯರಿನಲ್ಲಿ ಇದ್ದದ್ದು ಒಂದೇ ವಸ್ತು. ಸಂಘದ ಸದಸ್ಯತ್ವದ ಅರ್ಜಿ, ಹಸಿರು ಹಾಳೆ. ಅಣ್ಣನ ಗುಂಡು ಗುಂಡು ಅಕ್ಷರ, ಕೆಳಗೆ ಅವನ ಮನೆಯದೇ ಹುಳುಕಿನ ಪಟ್ಟಿ. ತಾರೀಖು ಎಂಟು ವರ್ಷದ ಹಿಂದಿನದು, ಜಗಳವಾದ ಮರುವರ್ಷದ್ದು. ಶಿಫಾರಸು ಮಾಡುವ ಮೊದಲನೆಯ ಸದಸ್ಯರು: ಮೂಗಿನಲ್ಲಿ ಮಾತಾಡುತ್ತಿದ್ದ ಆ ಕಾರ್ಯದರ್ಶಿಯ ಸಹಿ. ಅವರು ತೀರಿಕೊಂಡೇ ನಾಲ್ಕು ವರ್ಷವಾಯಿತು, ಒಂದು ಸಲವೂ ಬಾಯಿ ಬಿಡಲಿಲ್ಲ ಮಹಾನುಭಾವರು! ಎರಡನೆಯ ಸದಸ್ಯರ ಸಹಿಯ ಜಾಗ ಖಾಲಿ. ಅದರ ಪಕ್ಕದಲ್ಲಿ ಹೆಸರು ಬರೆಯುವ ಜಾಗದಲ್ಲಿ ಅಣ್ಣ ಬರೆದಿದ್ದ: ಪುಟ್ಟಿ.

ಪಟ್ಟಿಯಕ್ಕ ಅಣ್ಣನ ಕುರ್ಚಿಯಲ್ಲಿ ಕುಸಿದು ಕೂತಳು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎರಡು ಮೊಳ ದೂರ! ಎಂಟು ವರ್ಷ ಈ ಹಾಳೆಗೂ ಅವಳ ಪೆನ್ನಿಗೂ ಇದ್ದದ್ದು ಬರೀ ಎರಡು ಮೊಳ. ಹೊರಗೆ ಹತ್ತು ಗಂಟೆಯ ಬಸ್ಸು ಎರಡು ಸಲ ಹಾರನ್ ಹೊಡೆದು ಹೋಯಿತು. ಗೋಣಿಚೀಲ, ಪೊರಕೆ ಅಲ್ಲಲ್ಲೇ ಬಿಟ್ಟು, ಹಾಳೆಯನ್ನು ಮಡಿಸದೆ ಎದೆಗೆ ಅವಚಿಕೊಂಡು ಅವಳು ಅಣ್ಣನ ಮನೆಯ ದಾರಿ ಹಿಡಿದಳು.

ಅಣ್ಣ ನಡುಮನೆಯ ಕುರ್ಚಿಯಲ್ಲಿ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ. ಸೊಂಟದಲ್ಲಿ ಗೊಂಚಲಿಲ್ಲದೆ ಅರ್ಧ ಆಗಿದ್ದ. ಹಸಿರು ಹಾಳೆ ನೋಡಿದ್ದೇ ಹೆಂಡತಿಯ ಕಡೆ ತಿರುಗಿದ. “ಆ ಡ್ರಾಯರ್ ಮುಟ್ಟು ಅಂತ ಯಾರು ಹೇಳಿದ್ರು ಅಂತ ಅವರನ್ನ ಕೇಳು.”

“ನೀವೇ ಕೇಳ್ರೀ” ಅಂದರು ಅತ್ತಿಗೆ. “ನನ್ನ ಕೈಲಿ ಇನ್ನು ಆಗಲ್ಲ.”

ಪಟ್ಟಿಯಕ್ಕ ಕಣ್ಣು ಒರೆಸಿಕೊಂಡು ದನಿ ಗಟ್ಟಿ ಮಾಡಿದಳು. “ಬರೀ ಬರೆದಿಟ್ರೆ ಅರ್ಜಿ ಆಗಲ್ಲ ಅಣ್ಣ. ಹುಳುಕು ಎಲ್ಲಿದೆಯೋ ಅಲ್ಲಿ ನಿಂತು ಓದಬೇಕು. ಏಳು.”

ಗೊಂಚಲಣ್ಣ ತಂಗಿಯನ್ನು ನೋಡಲಿಲ್ಲ. ಹಾಳೆ ಕಿತ್ತುಕೊಂಡ. ಕೋಲು ಊರಿ ಎದ್ದ. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಮುಂಬಾಗಿಲಿಗೆ ಹೋಗಿ ನಿಂತ. “ಒಂದು. ಮುಂಬಾಗಿಲು ಮಳೆಗೆ ಉಬ್ಬುತ್ತದೆ, ಭುಜ ಕೊಟ್ಟು ತಳ್ಳಬೇಕು. ದುರಸ್ತಿ ಆಗುತ್ತದೆ.” ಹಿಂದಿನ ಕೋಣೆಗೆ ಹೋದ. “ಎರಡು. ಈ ಗೋಡೆಯಲ್ಲಿ ತೇವ ಇದೆ. ಆಗುತ್ತದೆ.” ಅಭ್ಯಾಸಬಲ, ಓದುತ್ತಲೇ ಆ ತೇವದ ಮೇಲೆ ಒರಗಿಬಿಟ್ಟ. ನೆನಪಾಗಿ ಗಡಬಡಿಸಿ ಈಚೆ ಬಂದ. ಅವಳಿಗೆ ಅಳುವಿನ ನಡುವೆಯೂ ನಗು ಉಕ್ಕಿತು.

ಒಂಬತ್ತು ವರ್ಷದ ಮೇಲೆ ಅವಳು ಆ ಅಡುಗೆಮನೆಗೆ ಕಾಲಿಟ್ಟಳು. ಒಲೆಯ ಕಟ್ಟೆ ಹಿಡಿದುಕೊಂಡು ನಿಂತ ಅಣ್ಣನ ದನಿ ಸಣ್ಣಗಾಗಿತ್ತು. “ಮೂರು. ಈ ನೆಲದ ಕೆಳಗೆ ಮುಚ್ಚಿದ ಬಾವಿ ಇದೆ. ಒಂದು ಸಲ ಕುಸಿದಿದೆ. ಗೊತ್ತಿದ್ದೂ ಒಬ್ಬರಿಗೆ ಹೇಳದೆ ಮುಚ್ಚಿಟ್ಟಿದ್ದೆ. ಆಗುವುದಿಲ್ಲ.” ಹಾಳೆ ತಿರುವಿದ. ಹಿಂಬದಿಯಲ್ಲೂ ಬರಹ ಇದೆಯೆಂದು ಪಟ್ಟಿಯಕ್ಕ ನೋಡಿಯೇ ಇರಲಿಲ್ಲ. “ನಾಲ್ಕು. ಈ ಮನೆಯ ಯಜಮಾನನಿಗೆ ತಂಗಿಯನ್ನು ಮಾತಾಡಿಸಲು ಬಾಯಿ ಬರುವುದಿಲ್ಲ.”

ಅಲ್ಲಿಗೆ ನಿಲ್ಲಿಸಿದ. ಅದರ ಎದುರು ಏನೂ ಬರೆದಿರಲಿಲ್ಲ.

“ನಂದೂ ಒಂದಿದೆ ಅಣ್ಣ” ಅಂದಳು ಅವಳು. “ಅವತ್ತು ಒಂದು ಗಂಟೆ ತಡೀಬೇಕಿತ್ತು. ನಿನಗೆ ಮೊದಲು ಹೇಳಬೇಕಿತ್ತು. ನಿನ್ನ ಅಂಗಡಿ ಹೋಯ್ತು ನನ್ನಿಂದ.” ಹಾಳೆ ಇಸಿದುಕೊಂಡು, ಒಲೆಯ ಕಟ್ಟೆಯ ಮೇಲೆ ಹರಡಿ, ನಾಲ್ಕರ ಎದುರು ‘ಆಗುತ್ತದೆ’ ಅಂತ ಬರೆದಳು. ಪುಟ್ಟಿ ಅನ್ನುವ ಹೆಸರಿನ ಪಕ್ಕದಲ್ಲಿ ಸಹಿ ಹಾಕಿದಳು. ಅಕ್ಷರ ಮಂಜಾಗಿ ಕಾಣುತ್ತಿತ್ತು. ಸೆರಗಿನಿಂದ ಕನ್ನಡಕ ಒರೆಸುತ್ತ ಎರಡು ಹೆಜ್ಜೆ ಹಿಂದೆ ಸರಿದಳು.

ಗೊಂಚಲಣ್ಣ ಅವಳ ಪಾದದ ಕಡೆ ನೋಡಿದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

“ಈಚೆ ಬಾ ಪುಟ್ಟಿ” ಅಂದ. “ನೀನು ನಿಂತಿರೋದು ಬಾವಿ ಮೇಲೆ.”